ಎರಡು ಆರ್ಡರ್ ಕಳೆದವು, ನುಂಗಿದ್ದು ಒಂದೇ ಫಿಲ್ಟರ್ ಅಲ್ಲ

ಪ್ರಶ್ನೆ: ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ತೊಗರಿ ಬೇಳೆ ಮಿಲ್ ಇದೆ. ಮಿಲ್ ಯಜಮಾನರು ನೋಡುತ್ತಾರೆ, ಆಫೀಸು, ಲೆಕ್ಕ, ಪತ್ರವ್ಯವಹಾರ ನನ್ನದು. ದಿನಕ್ಕೆ ಹೆಚ್ಚುಕಡಿಮೆ 150 ಇಮೇಲ್ ಬರುತ್ತವೆ. ಅದರಲ್ಲಿ ಕೆಲಸಕ್ಕೆ ಬರುವವು 30 ಇದ್ದರೆ ಹೆಚ್ಚು. ಉಳಿದದ್ದೆಲ್ಲ ಸಾಲ, ಲಾಟರಿ, ವೆಬ್‌ಸೈಟ್ ಮಾಡಿಕೊಡುತ್ತೇವೆ ಅನ್ನುವವರು. ದಸರೆ ರಜೆಗೆ ಬಂದಿದ್ದ ಮೈದುನನ ಮಗ ಫಿಲ್ಟರ್ ಹಾಕಿಕೊಟ್ಟ. ಆಫರ್, ಅರ್ಜೆಂಟ್, ಲೋನ್, ಡಿಸ್ಕೌಂಟ್ ಎಂಬ ಪದವಿದ್ದರೆ ಮೇಲ್ ತಾನೇ ಅಳಿಸಿಹೋಗುತ್ತದೆ. ಎರಡು ತಿಂಗಳು ನೆಮ್ಮದಿಯಾಗಿತ್ತು. ಎಳ್ಳ ಅಮವಾಸ್ಯೆ ಆದ ಮೇಲೆ ಮುಂಬೈನ ಹಳೇ ಪಾರ್ಟಿಯವರು ಫೋನ್ ಮಾಡಿ, 'ಮೇಲ್ ಹಾಕಿ ಹನ್ನೊಂದು ದಿನ ಆಯ್ತು, ಜವಾಬೇ ಇಲ್ಲ, ಬೇರೆ ಕಡೆ ತಗೊಂಡೆವು' ಎಂದರು. ಹುಡುಕಿದರೆ ಅದು ಸ್ಪ್ಯಾಮ್‌ನಲ್ಲಿತ್ತು. ಹೈದರಾಬಾದಿನ ಇನ್ನೊಬ್ಬರು ಕಳಿಸಿದ್ದು ಎಷ್ಟು ಹುಡುಕಿದರೂ ಸಿಗಲಿಲ್ಲ. ನಮ್ಮ ಮೇಲ್ ಗೂಗಲ್‌ನ ಆಫೀಸ್ ಖಾತೆಯಲ್ಲಿದೆ. ಮೊದಲಿನ ವಿಳಾಸದಲ್ಲಿ ಗುಲ್ಬರ್ಗಾ ಎಂದಿತ್ತು. ಹೊಸ ವಿಳಾಸ ಮಾಡಿಸಿದಾಗ, ಹಳೆಯದಕ್ಕೆ ಬಂದದ್ದು ಹೊಸದಕ್ಕೆ ಬಂದು ಬೀಳುವಂತೆ ಮಾಡಿಸಿದೆವು. ಮುನೀಮರು ತಮ್ಮ ಕಂಪ್ಯೂಟರಿನ ಔಟ್‌ಲುಕ್‌ನಲ್ಲಿ ನೋಡುತ್ತಾರೆ, ಅಲ್ಲಿ ಆ ಮೇಲ್ ಕಾಣಲೇ ಇಲ್ಲವಂತೆ. ಈಗ ಯಜಮಾನರು 'ಫಿಲ್ಟರೇ ಬ್ಯಾಡ, ತೆಗಿ' ಅನ್ನುತ್ತಾರೆ. ಒಬ್ಬ ಏಜೆಂಟರು ವರ್ಷಕ್ಕಿಷ್ಟು ಕಟ್ಟಿದರೆ ನೂರಕ್ಕೆ ನೂರು ಸ್ಪ್ಯಾಮ್ ನಿಲ್ಲಿಸುವ ಸಾಫ್ಟ್‌ವೇರ್ ಹಾಕಿಕೊಡುತ್ತೇನೆ ಅನ್ನುತ್ತಾರೆ. ಈ ನಡುವೆ ನಮ್ಮದೇ ವಿಳಾಸದಿಂದ ನಮಗೇ ಬೆದರಿಕೆಯ ಮೇಲ್ ಒಂದು ಬಂದಿದೆ. ಏನು ಮಾಡಲಿ?

ಉತ್ತರ: ಅಕ್ಕಾವ್ರೆ, ಉಳಿದ ಮಾತು ಆಮೇಲೆ. ಹೈದರಾಬಾದಿನ ಮೇಲ್ ಇನ್ನೂ ಸಿಗಬಹುದು, ಆದರೆ ದಿನ ಎಣಿಸಬೇಕು.

ಹುಡುಗ ಬರೆದ ನಿಯಮ ಮೇಲನ್ನು ಅಳಿಸಿದಾಗ ಅದು ಸ್ಪ್ಯಾಮ್‌ಗೆ ಹೋಗುವುದಿಲ್ಲ, ಟ್ರ್ಯಾಶ್‌ಗೆ ಹೋಗುತ್ತದೆ. ಕೆಲವರ ಪರದೆಯಲ್ಲಿ ಇದಕ್ಕೆ ಬಿನ್ ಎಂದಿರುತ್ತದೆ. ಜಿಮೇಲ್‌ನಲ್ಲಿ ಹೆಸರು ಹಾಕಿ ಹುಡುಕಿದರೆ ಸ್ಪ್ಯಾಮನ್ನೂ ಟ್ರ್ಯಾಶನ್ನೂ ಅದು ನೋಡುವುದೇ ಇಲ್ಲ. ನಿಮಗೆ 'ಎಲ್ಲೂ ಇಲ್ಲ' ಅನಿಸಿದ್ದು ಅದಕ್ಕೇ ಇರಬೇಕು. ಹುಡುಕುವ ಪೆಟ್ಟಿಗೆಯ ಬಲತುದಿಯ ಗುರುತನ್ನು ಒತ್ತಿ, ಎಲ್ಲಿ ಹುಡುಕಬೇಕು ಎಂಬಲ್ಲಿ ಮೇಲ್, ಸ್ಪ್ಯಾಮ್, ಟ್ರ್ಯಾಶ್ ಮೂರೂ ಇರುವ ಸಾಲನ್ನು ಆಯ್ದು, ಹೈದರಾಬಾದಿನವರ ವಿಳಾಸ ಹಾಕಿ ನೋಡಿ. ಟ್ರ್ಯಾಶ್‌ನಲ್ಲಿ ಬಿದ್ದದ್ದು 30 ದಿನ ಇದ್ದು ಹೋಗುತ್ತದೆ. ಹೋದ ಮೇಲೂ ನಿಮ್ಮದು ಆಫೀಸ್ ಖಾತೆಯಾದ್ದರಿಂದ ಅದರ ಅಡ್ಮಿನ್, ಅಂದರೆ ಇಡೀ ಖಾತೆಯ ಉಸ್ತುವಾರಿ ಇರುವವರು, ಮುಂದಿನ 25 ದಿನಗಳೊಳಗೆ ವಾಪಸ್ ತರಬಹುದು. ಅಡ್ಮಿನ್ ಪಾಸ್‌ವರ್ಡ್ ಯಾರ ಬಳಿ ಇದೆ ಎಂದು ಇವತ್ತೇ ವಿಚಾರಿಸಿ. ನಾನು ಹೋದ ಆಫೀಸುಗಳಲ್ಲಿ ಅರ್ಧಕ್ಕರ್ಧ ಜನಕ್ಕೆ ಅದು ಗೊತ್ತಿರುವುದಿಲ್ಲ. ಖಾತೆ ಮಾಡಿಕೊಟ್ಟವನ ಫೋನ್ ನಂಬರೂ ಬದಲಾಗಿರುತ್ತದೆ.

ಈಗ ಮೂಲಕ್ಕೆ ಬರೋಣ. ನೀವು ಕೇಳಿದ್ದು ಫಿಲ್ಟರ್ ಇರಬೇಕೋ ಬೇಡವೋ ಎಂದು. ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತಪ್ಪುಗಳು ಕೂಡಿಕೊಂಡಿವೆ, ಜೊತೆಗೆ ಅವೆರಡನ್ನೂ ಹನ್ನೊಂದು ದಿನ ಮುಚ್ಚಿಟ್ಟ ಮೂರನೆಯದೊಂದು ಇದೆ.

ನಿಮಗೆ ಫಿಲ್ಟರ್ ಅಂದರೇನು ಎಂದು ಹೇಳಿಕೊಡುವುದು ಸುಲಭ, ನಿಮ್ಮ ಮಿಲ್‌ನಲ್ಲಿ ಸಾರ್ಟೆಕ್ಸ್ ಇರುತ್ತದೆ. ಬೇಳೆ ಜಾರಿ ಬರುವಾಗ ಕ್ಯಾಮೆರಾ ಪ್ರತಿ ಕಾಳಿನ ಬಣ್ಣ ನೋಡುತ್ತದೆ. ಕಪ್ಪು ಕಂಡರೆ ಗಾಳಿಯ ಒಂದು ಏಟು, ಕಾಳು ಆಚೆ. ಆ ಏಟಿಗೆ ಪಕ್ಕದ ಒಳ್ಳೆಯ ಕಾಳೂ ಒಂದೆರಡು ಹಾರುತ್ತವೆ. ಆಪರೇಟರ್ ಸೆಟ್ಟಿಂಗ್ ಬಿಗಿ ಮಾಡಿದಷ್ಟೂ ಚೀಲದೊಳಗೆ ಬೇಳೆ ಚೊಕ್ಕ, ರಿಜೆಕ್ಷನ್ ರಾಶಿಯಲ್ಲಿ ಒಳ್ಳೆಯ ಬೇಳೆ ಜಾಸ್ತಿ. ಅದಕ್ಕೇ ಆ ರಾಶಿಯನ್ನು ಯಾರೂ ತಿಪ್ಪೆಗೆ ಹಾಕುವುದಿಲ್ಲ, ಇನ್ನೊಮ್ಮೆ ಓಡಿಸುತ್ತಾರೆ. ಮೇಲ್ ಫಿಲ್ಟರ್ ಕೂಡ ಬೇಡದ ಮೇಲ್ ಯಾವುದೆಂದು ಬಲ್ಲ ಯಂತ್ರವಲ್ಲ. ಬೇಡದ್ದರ ಹಾಗೆ ಕಾಣುವುದನ್ನು ಬದಿಗೆ ಹಾರಿಸುವ ಯಂತ್ರ ಅದು. ನಿಮ್ಮ ಆಫೀಸಿನಲ್ಲಿ ಆಗಿದ್ದೇನೆಂದರೆ ರಿಜೆಕ್ಷನ್ ರಾಶಿಯನ್ನು ಮತ್ತೆ ನೋಡುವವರೇ ಇರಲಿಲ್ಲ, ಅದರಲ್ಲಿ ಅರ್ಧ ನೇರವಾಗಿ ಒಲೆಗೆ ಹೋಗುತ್ತಿತ್ತು.

ಮೊದಲ ತಪ್ಪು, ಹುಡುಗನ ನಿಯಮ. ಅವನನ್ನು ಬೈಯಬೇಡಿ. ಅವನು ಕಾಲೇಜಿನ ಮೇಲ್ ನೋಡಿದವನು, ಅಲ್ಲಿ ಆಫರ್ ಅಂದರೆ ಚಪ್ಪಲಿಯ ಜಾಹೀರಾತು. ನಿಮ್ಮ ವ್ಯಾಪಾರದಲ್ಲಿ ಆಫರ್ ಅಂದರೆ ರೇಟು. 'ಫರ್ಮ್ ಆಫರ್ ಕಳಿಸಿ, 200 ಕ್ವಿಂಟಲ್ ಅರ್ಜೆಂಟ್ ಬೇಕು' ಎಂದು ದಲಾಲರು ಬರೆದರೆ ಒಂದೇ ಸಾಲಿನಲ್ಲಿ ಎರಡು ಗುಂಡು. ಇನ್ನೂ ಒಂದು ಇದೆ. ದೊಡ್ಡ ಕಂಪನಿಗಳ ಮೇಲ್‌ನ ಅಡಿಯಲ್ಲಿ ಸಣ್ಣಕ್ಷರದ ಕಾನೂನು ಟಿಪ್ಪಣಿ ಇರುತ್ತದಲ್ಲ, 'ಇದನ್ನು ಆಫರ್ ಎಂದು ಭಾವಿಸಬಾರದು' ಎನ್ನುವಂಥ ಸಾಲು ಅದರಲ್ಲಿ ಬಂದರೂ ಸಾಕು, ಇಡೀ ಮೇಲ್ ಹೋಯಿತು. ಪದ ನೋಡಿ ಅಳಿಸುವ ನಿಯಮಕ್ಕೆ ಯಾರು ಬರೆದರು, ಯಾಕೆ ಬರೆದರು ಎಂಬುದು ತಿಳಿಯುವುದಿಲ್ಲ.

ಪದ ನೋಡುವ ಸಾಫ್ಟ್‌ವೇರೇ ದಡ್ಡತನ ಎಂದಲ್ಲ. ಒಂದು ಪದಕ್ಕೆ ತೀರ್ಪು ಕೊಡುವುದು ದಡ್ಡತನ. 2001ರಲ್ಲಿ ಬಂದ ಸ್ಪ್ಯಾಮ್‌ಅಸಾಸಿನ್ ಎಂಬ ಫಿಲ್ಟರ್ ಅಂಕ ಕೊಡುತ್ತದೆ: ವಿಷಯದ ಸಾಲು ಪೂರ್ತಿ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿದ್ದರೆ ಸ್ವಲ್ಪ, ಬರಹವೇ ಇಲ್ಲದೆ ಬರೀ ಚಿತ್ರವಿದ್ದರೆ ಸ್ವಲ್ಪ. ಹೀಗೆ ಕೂಡುತ್ತ 5 ಮುಟ್ಟಿದರೆ ಸ್ಪ್ಯಾಮ್ ಎನ್ನುತ್ತದೆ. ಮರುವರ್ಷ, 2002ರಲ್ಲಿ, ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ಬರೆದ ಒಂದು ಲೇಖನ ಇನ್ನೊಂದು ದಾರಿಯನ್ನು ಜನಪ್ರಿಯ ಮಾಡಿತು. ನಿಮಗೆ ಬಂದ ಒಳ್ಳೆಯ ಮೇಲ್ ಒಂದು ಗುಡ್ಡೆ, ಕೆಟ್ಟ ಮೇಲ್ ಇನ್ನೊಂದು ಗುಡ್ಡೆ. ಯಾವ ಪದ ಯಾವ ಗುಡ್ಡೆಯಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಹೊಸ ಮೇಲ್ ಬಂದಾಗ ಅದರಲ್ಲಿ ಎದ್ದು ಕಾಣುವ 15 ಪದಗಳನ್ನು ಆಯ್ದು ಸಂಭವನೀಯತೆ ಲೆಕ್ಕ ಹಾಕುವುದು. 18ನೇ ಶತಮಾನದ ಥಾಮಸ್ ಬೇಯ್ಸ್ ಎಂಬ ಪಾದ್ರಿಯ ಗಣಿತ ಇದಕ್ಕೆ ತಳಹದಿ, ಹಾಗಾಗಿ ಬೇಯ್ಸಿಯನ್ ಫಿಲ್ಟರ್ ಎನ್ನುತ್ತಾರೆ. ಇದರಲ್ಲಿ 'ಆಫರ್' ನಿಮ್ಮ ಎರಡೂ ಗುಡ್ಡೆಯಲ್ಲಿ ಬರುವ ಪದವಾಗಿ ತೂಕ ಕಳೆದುಕೊಳ್ಳುತ್ತದೆ. 'ಕ್ವಿಂಟಲ್', 'ಫಟ್ಕಾ', 'ಲಾರಿ ನಂಬರ್' ಒಳ್ಳೆಯ ಗುಡ್ಡೆಯಲ್ಲಷ್ಟೇ ಬರುವ ಪದಗಳಾಗಿ ಮೇಲನ್ನು ಕಾಪಾಡುತ್ತವೆ. ನನಗೆ ಅದರಲ್ಲಿ ಹಿಡಿಸಿದ್ದು ಬೇರೆ: ಒಳ್ಳೆಯ ಗುಡ್ಡೆಯ ಎಣಿಕೆಯನ್ನು ಗ್ರಹಾಂ ಬೇಕೆಂದೇ ಎರಡು ಪಟ್ಟು ಮಾಡಿದ್ದರು. ಹತ್ತು ಸ್ಪ್ಯಾಮ್ ಒಳಗೆ ಬಂದರೂ ಚಿಂತೆಯಿಲ್ಲ, ಒಂದು ಒಳ್ಳೆಯ ಮೇಲ್ ಹೊರಗೆ ಹೋಗಬಾರದು ಎಂಬ ಲೆಕ್ಕ ಅದು.

ನಾನು ಆ ಲೆಕ್ಕ ಮರೆತು ಒಮ್ಮೆ ಪೆಟ್ಟು ತಿಂದಿದ್ದೇನೆ. ಬೀದರಿನ ಒಂದು ಶಿಕ್ಷಣ ಸಂಸ್ಥೆಯ ಮೇಲ್ ಸರ್ವರ್ ನನ್ನ ಕೈಯಲ್ಲಿತ್ತು. ಪ್ರಾಚಾರ್ಯರಿಗೆ ದಿನಾ ಕೊಳಕು ಜಾಹೀರಾತು ಬರುತ್ತಿತ್ತು, ಅವರ ಒತ್ತಾಯಕ್ಕೆ ಸ್ಪ್ಯಾಮ್‌ಅಸಾಸಿನ್‌ನ 5ನ್ನು ಮೂರೂವರೆಗೆ ಇಳಿಸಿದೆ, ಮೀರಿದ್ದನ್ನು ಅಳಿಸು ಎಂದೂ ಬರೆದೆ. ಎರಡು ವಾರ ಎಲ್ಲರೂ ಹೊಗಳಿದರು. ಆಮೇಲೆ ತಿಳಿಯಿತು, ಪರೀಕ್ಷಾ ಶುಲ್ಕದ ಕೊನೆಯ ದಿನ ತಿಳಿಸಿದ ಸುತ್ತೋಲೆ ಬಂದೇ ಇಲ್ಲ. ವಿಷಯದ ಸಾಲೆಲ್ಲ ದೊಡ್ಡಕ್ಷರ, ಒಳಗೆ ಒಂದಕ್ಷರ ಬರೆದಿಲ್ಲ, ಸ್ಕ್ಯಾನ್ ಮಾಡಿದ ಚಿತ್ರ ಒಂದೇ. ಅಂಥದ್ದಕ್ಕೆ ಮೂರೂವರೆ ಅಂಕ ಕೂಡುವುದು ಯಾವ ಕಷ್ಟ? ಗುಮಾಸ್ತರು ಬಂದು, 'ಸಾಹೇಬ್ರ, ನಿಮ್ಮ ಜರಡಿ ಕಾಳೇ ತಿಂದದಲ್ರೀ' ಎಂದರು. ಅವತ್ತಿನಿಂದ ಅಳಿಸು ಎಂಬ ಪದವನ್ನು ನಾನು ಯಾವ ನಿಯಮದಲ್ಲೂ ಬರೆದಿಲ್ಲ.

ಎರಡನೆಯ ತಪ್ಪು ಮುಂಬೈನವರ ಮೇಲ್‌ನದು. ಇದಕ್ಕೂ ಹುಡುಗನಿಗೂ ಸಂಬಂಧವಿಲ್ಲ. ಅವನ ನಿಯಮ ಹಿಡಿದಿದ್ದರೆ ಅದು ಟ್ರ್ಯಾಶ್‌ಗೆ ಹೋಗಬೇಕಿತ್ತು, ಸ್ಪ್ಯಾಮ್‌ಗೆ ಹೋಗಿದೆ. ಅಂದರೆ ಗೂಗಲ್ಲಿನ ಫಿಲ್ಟರೇ ಅನುಮಾನಪಟ್ಟಿದೆ. ಯಾಕೆ? ನನ್ನ ಬೆರಳು ನಿಮ್ಮ ಹಳೇ ಗುಲ್ಬರ್ಗಾ ವಿಳಾಸದ ಕಡೆಗೆ ಹೋಗುತ್ತದೆ.

ಇವತ್ತಿನ ಫಿಲ್ಟರ್ ಮೇಲ್‌ನ ಒಳಗೆ ಏನಿದೆ ಎಂದು ನೋಡುವ ಮುಂಚೆ ತಂದವರು ಯಾರು ಎಂದು ನೋಡುತ್ತದೆ. ಇದಕ್ಕೆ ಮೂರು ಪತ್ರಗಳಿವೆ. ಎಸ್‌ಪಿಎಫ್ ಎಂದರೆ ಒಂದು ಪಟ್ಟಿ: ನಮ್ಮ ಹೆಸರಿನಲ್ಲಿ ಮೇಲ್ ಕಳಿಸುವ ಸರ್ವರ್‌ಗಳು ಇವು ಎಂದು ಕಂಪನಿ ಜಾಹೀರು ಮಾಡುತ್ತದೆ. ಡಿಕಿಮ್ ಎಂದರೆ ಮೇಲ್‌ಗೆ ಹಾಕಿದ ಅರಗಿನ ಮುದ್ರೆ, ದಾರಿಯಲ್ಲಿ ಯಾರಾದರೂ ಒಳಗಿನದನ್ನು ತಿದ್ದಿದರೆ ಒಡೆಯುತ್ತದೆ. ಡಿಮಾರ್ಕ್ ಎಂದರೆ ಕಾಣುವ ಹೆಸರಿಗೂ ಆ ಎರಡಕ್ಕೂ ತಾಳೆಯಾಗದಿದ್ದರೆ ಏನು ಮಾಡಬೇಕು ಎಂಬ ಮಾಲೀಕರ ಸೂಚನೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ, ಚಿಲ್ಲರೆ ಕಳಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಬೇಕು.

ಈಗ ಮುಂಬೈನವರ ಮೇಲ್‌ನ ಪ್ರಯಾಣ ನೋಡಿ. ಅವರ ವಿಳಾಸ ಪುಸ್ತಕದಲ್ಲಿ ಇನ್ನೂ ನಿಮ್ಮ ಗುಲ್ಬರ್ಗಾ ವಿಳಾಸವೇ ಇದೆ ಎಂದುಕೊಳ್ಳಿ. ಊರಿಗೆ 2014ರ ನವೆಂಬರ್ 1ರಂದು ಕಲಬುರಗಿ ಎಂದು ಹೆಸರಾಯಿತು, ದೂರದ ವ್ಯಾಪಾರಿಯ ಕಂಪ್ಯೂಟರಿನಲ್ಲಿ ಆಗಿರುವುದಿಲ್ಲ. ಮೇಲ್ ಮೊದಲು ಹಳೇ ಡೊಮೈನ್ (ವಿಳಾಸದಲ್ಲಿ @ ಗುರುತು ಆದ ಮೇಲೆ ಬರುವ ಹೆಸರು) ಇರುವ ಹೋಸ್ಟಿಂಗ್ ಕಂಪನಿಯ ಸರ್ವರ್‌ಗೆ ಬರುತ್ತದೆ. ಅದು ಎತ್ತಿ ಗೂಗಲ್‌ಗೆ ಕೊಡುತ್ತದೆ. ಗೂಗಲ್ ಬಾಗಿಲಲ್ಲಿ ನಿಂತು, 'ಮುಂಬೈನವರ ಪಟ್ಟಿಯಲ್ಲಿ ಈ ಸರ್ವರ್‌ನ ಹೆಸರೇ ಇಲ್ಲವಲ್ಲ' ಎನ್ನುತ್ತದೆ. ಎಸ್‌ಪಿಎಫ್ ಬಿತ್ತು. ಅವರು ಡಿಕಿಮ್ ಮುದ್ರೆ ಹಾಕುವವರಾಗಿದ್ದರೆ ಮುದ್ರೆ ಒಡೆಯದೆ ಬಂದು ಕಾಪಾಡುತ್ತಿತ್ತು. ಹಾಕದಿದ್ದರೆ ಅದು ಗುರುತಿನ ಚೀಟಿ ಇಲ್ಲದ ಮೇಲ್. ಮೇಲಾಗಿ ಹಳೇ ವಿಳಾಸಕ್ಕೆ ಬಂದ ಸ್ಪ್ಯಾಮನ್ನೆಲ್ಲ ಇದೇ ಸರ್ವರ್ ವರ್ಷಗಟ್ಟಲೆ ಗೂಗಲ್‌ಗೆ ಹೊತ್ತು ಹಾಕುತ್ತಿದೆ. ಗೂಗಲ್ ಕಣ್ಣಲ್ಲಿ ಆ ಸರ್ವರೇ ಕಸ ತರುವವನಾಗಿರುತ್ತದೆ.

ಇದು ನನ್ನ ಊಹೆ, ಪರೀಕ್ಷೆ ಎರಡು ನಿಮಿಷದ್ದು. ಸ್ಪ್ಯಾಮ್‌ನಲ್ಲಿರುವ ಆ ಮೇಲ್ ತೆರೆಯಿರಿ. ಯಾಕೆ ಸ್ಪ್ಯಾಮ್ ಎಂದು ಗೂಗಲ್ ಬರೆದ ಕಾರಣ ಮೇಲೆಯೇ ಇರುತ್ತದೆ. ಆಮೇಲೆ ಬಲಗಡೆಯ ಮೂರು ಚುಕ್ಕೆ ಒತ್ತಿ, ಶೋ ಒರಿಜಿನಲ್ ಆಯ್ದುಕೊಳ್ಳಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎದುರು ಪಾಸ್ ಅಥವಾ ಫೇಲ್ ಎಂದು ಬರೆದಿರುತ್ತದೆ, 'ಟು' ಎಂಬಲ್ಲಿ ಯಾವ ವಿಳಾಸಕ್ಕೆ ಬಂದದ್ದು ಎಂದೂ ಇರುತ್ತದೆ. ಹಳೇ ವಿಳಾಸ, ಎಸ್‌ಪಿಎಫ್ ಫೇಲ್ ಎರಡೂ ಕೂಡಿ ಕಂಡರೆ ಊಹೆ ಸರಿ. ನೋಡಿಯಾದ ಮೇಲೆ 'ನಾಟ್ ಸ್ಪ್ಯಾಮ್' ಒತ್ತಿ. ಸ್ಪ್ಯಾಮ್ ಕೂಡ 30 ದಿನಕ್ಕೆ ಅಳಿಯುತ್ತದೆ, ತಡ ಮಾಡಬೇಡಿ.

ಮದ್ದು ಇದೆ, ದುಬಾರಿಯೂ ಅಲ್ಲ. ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ, ಹಳೇ ಡೊಮೈನನ್ನೂ ನಿಮ್ಮ ಗೂಗಲ್ ಆಫೀಸ್ ಖಾತೆಗೆ ಅಲಿಯಾಸ್, ಅಂದರೆ ಇನ್ನೊಂದು ಹೆಸರಾಗಿ ಸೇರಿಸಿ, ಅದರ ಎಂಎಕ್ಸ್ ದಾಖಲೆಯನ್ನು (ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಎಂದು ಹೇಳುವ ಸಾಲು) ಗೂಗಲ್ ಕಡೆ ತಿರುಗಿಸಬೇಕು. ಆಗ ಹಳೇ ವಿಳಾಸಕ್ಕೆ ಬರೆದದ್ದೂ ನಡುವೆ ಯಾರ ಕೈಗೂ ಹೋಗದೆ ನೇರ ಬರುತ್ತದೆ. ಡೊಮೈನ್ ಕೆಲಸ ಬಲ್ಲವರಿಗೆ ಅರ್ಧ ಗಂಟೆಯ ಕೆಲಸ. ಬದಲಾವಣೆ ಎಲ್ಲ ಕಡೆ ಹರಡಲು ಒಂದೆರಡು ದಿನ ಹಿಡಿಯಬಹುದು, ಆದ್ದರಿಂದ ಶನಿವಾರ ಸಂಜೆ ಮಾಡಿಸಿ. ಸೀಸನ್ನಿನ ನಡುವೆ ಸೋಮವಾರ ಬೆಳಗ್ಗೆ ಬೇಡ.

ಇನ್ನು ಹನ್ನೊಂದು ದಿನ ಯಾರಿಗೂ ಯಾಕೆ ಗೊತ್ತಾಗಲಿಲ್ಲ ಎಂಬುದು. ಮುನೀಮರ ಔಟ್‌ಲುಕ್ ಪಾಪ್ ಎಂಬ ಹಳೇ ವಿಧಾನದಲ್ಲಿ ಮೇಲ್ ಇಳಿಸಿಕೊಳ್ಳುತ್ತಿದೆ ಎಂದು ಕಾಣುತ್ತದೆ. ಪಾಪ್ ಗೂಗಲ್‌ನಿಂದ ಸ್ಪ್ಯಾಮನ್ನಾಗಲಿ ಟ್ರ್ಯಾಶನ್ನಾಗಲಿ ತರುವುದಿಲ್ಲ. ಔಟ್‌ಲುಕ್‌ನಲ್ಲಿ ಕಾಣುವ ಜಂಕ್ ಡಬ್ಬಿ ಔಟ್‌ಲುಕ್‌ನದೇ, ಗೂಗಲ್‌ನದಲ್ಲ. ಅಂದರೆ ನಿಮ್ಮಲ್ಲಿ ಒಂದರ ಹಿಂದೊಂದು ಮೂರು ಜರಡಿಗಳಿವೆ: ಗೂಗಲ್‌ನದು, ಹುಡುಗನದು, ಔಟ್‌ಲುಕ್‌ನದು. ಮುನೀಮರಿಗೆ ಕೊನೆಯದರ ರಾಶಿ ಮಾತ್ರ ಕಾಣುತ್ತದೆ. ಅವರ ತಪ್ಪು ಏನೂ ಇಲ್ಲ. ಪಾಪ್ ಬದಲು ಐಮ್ಯಾಪ್ ವಿಧಾನಕ್ಕೆ ಬದಲಿಸಿದರೆ ಗೂಗಲ್‌ನ ಸ್ಪ್ಯಾಮ್ ಡಬ್ಬಿಯೂ ಅವರ ಪರದೆಯ ಮೇಲೆ ಬರುತ್ತದೆ. ಬದಲಿಸುವ ಮುಂಚೆ ಔಟ್‌ಲುಕ್‌ನ ಹಳೇ ಕಡತದ ಒಂದು ನಕಲು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಲಿ. ಪಾಪ್‌ನಲ್ಲಿ ಇಳಿಸಿದ ಹಳೇ ಮೇಲ್ ಆ ಕಂಪ್ಯೂಟರಿನಲ್ಲಷ್ಟೇ ಇರುವ ಸಾಧ್ಯತೆ ಇದೆ.

ಯಜಮಾನರ ಮಾತಿಗೆ ಬರುತ್ತೇನೆ. ಫಿಲ್ಟರೇ ತೆಗೆಯಿರಿ ಅಂದರೆ, ಹುಡುಗನದನ್ನು ತೆಗೆಯಬಹುದು, ಗೂಗಲ್‌ನದನ್ನು ನೀವು ಪೂರ್ತಿ ತೆಗೆಯಲಾರಿರಿ, ತೆಗೆಯಲೂ ಬಾರದು. 150 ಎಂದು ನೀವು ಎಣಿಸಿದ್ದು ಒಳಗೆ ಬಂದವನ್ನು. ಬಾಗಿಲಲ್ಲೇ ತಡೆದದ್ದು ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಸ್ಪ್ಯಾಮ್, ಮೋಸದ ಮೇಲ್, ವೈರಸ್ ಎಲ್ಲ ಸೇರಿ 99.9% ಗಿಂತ ಹೆಚ್ಚು ತಡೆಯುತ್ತೇವೆ ಎಂದು ಗೂಗಲ್ಲೇ ಹೇಳಿಕೊಳ್ಳುತ್ತದೆ. ಅವರೂ ನೂರಕ್ಕೆ ನೂರು ಅನ್ನುವುದಿಲ್ಲ, ಗಮನಿಸಿ. ನಿಮ್ಮ ಏಜೆಂಟರು ಅನ್ನುತ್ತಾರೆ.

ಅವರನ್ನು ಹೀಗೆ ಕೇಳಿ: 'ಸ್ಪ್ಯಾಮ್ ನೂರಕ್ಕೆ ನೂರು ನಿಲ್ಲಿಸ್ತೀರಿ, ಸರಿ. ನನ್ನ ಒಳ್ಳೆ ಮೇಲ್ ಎಷ್ಟು ನಿಲ್ಲಿಸ್ತೀರಿ?' ಲೆಕ್ಕ ಸರಳ. ತಿಂಗಳಿಗೆ 25 ಕೆಲಸದ ದಿನ, ದಿನಕ್ಕೆ 30 ಒಳ್ಳೆಯ ಮೇಲ್ ಅಂದರೆ 750. ಫಿಲ್ಟರ್ ಇನ್ನೂರಕ್ಕೆ ಒಂದರಂತೆ ಎಡವಿದರೂ ತಿಂಗಳಿಗೆ ಮೂರು-ನಾಲ್ಕು ಒಳ್ಳೆಯ ಮೇಲ್ ಹೋದವು. ಜಾಹೀರಾತಿನ ಮೇಲ್ ಒಂದು ಒಳಬಂದರೆ ನಿಮಗೆ ಎರಡು ಸೆಕೆಂಡ್ ನಷ್ಟ. ಆರ್ಡರ್ ಒಂದು ಹೊರಹೋದರೆ ಒಂದು ಲಾರಿ ಬೇಳೆಯ ನಷ್ಟ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗುವ ಯಾವ ಸಾಫ್ಟ್‌ವೇರೂ ನಿಮಗೆ ಬೇಡ. ದುಡ್ಡು ಕೊಟ್ಟು ತರುವ, ಮೇಲ್ ಖಾತೆಗೆ ಬರುವ ಮುಂಚೆಯೇ ಸೋಸುವ ಗೇಟ್‌ವೇ ಫಿಲ್ಟರ್‌ಗಳು ಕೆಟ್ಟವೆಂದು ಹೇಳುತ್ತಿಲ್ಲ. ಐವತ್ತು-ನೂರು ಜನರ ಆಫೀಸಿಗೆ, ಯಾರ ಮೇಲ್ ಎಲ್ಲಿ ನಿಂತಿತು ಎಂದು ನೋಡಲು ಒಬ್ಬ ನೌಕರ ಇರುವಲ್ಲಿಗೆ ಅವು ಒಳ್ಳೆಯವು. ಮೂರು ಜನರ ಆಫೀಸಿಗೆ ಅದು ನಾಲ್ಕನೆಯ ಜರಡಿ, ನೋಡಬೇಕಾದ ನಾಲ್ಕನೆಯ ರಾಶಿ. ನಾನಾದರೆ ಕೊಳ್ಳುವುದಿಲ್ಲ.

ಇನ್ನೊಂದು ಬಗೆಯನ್ನೂ ಅವರು ತೋರಿಸಬಹುದು: ಹೊಸಬರು ಬರೆದರೆ 'ನೀವು ಮನುಷ್ಯರೇ ಎಂದು ಈ ಕೊಂಡಿ ಒತ್ತಿ ತಿಳಿಸಿ' ಎಂದು ಮರುಮೇಲ್ ಕಳಿಸುವ ವ್ಯವಸ್ಥೆ. ಸ್ಪ್ಯಾಮ್ ನಿಜಕ್ಕೂ ನಿಲ್ಲುತ್ತದೆ. ಆದರೆ ನಿಮ್ಮೂರ ಮಾರುಕಟ್ಟೆ ನೆಹರು ಗಂಜ್‌ನ ಹತ್ತು ಅಡತಿಗಳಿಗೆ ಒಟ್ಟಿಗೆ ರೇಟು ಕೇಳುವ ವ್ಯಾಪಾರಿ ನಿಮ್ಮ ಕೊಂಡಿ ಒತ್ತುತ್ತ ಕೂರುವುದಿಲ್ಲ, ಉಳಿದ ಒಂಬತ್ತು ಜನರಲ್ಲಿ ಒಬ್ಬರ ಬಳಿ ಕೊಳ್ಳುತ್ತಾನೆ.

ನಾನು ಹೇಳುವ ದಾರಿ ಇದು. ಹುಡುಗನ ನಿಯಮ ತೆರೆದು, ಅಳಿಸು ಎಂಬಲ್ಲಿನ ಗುರುತು ತೆಗೆದು, ಇನ್‌ಬಾಕ್ಸ್ ತಪ್ಪಿಸಿ 'ಅನುಮಾನ' ಎಂಬ ಲೇಬಲ್‌ಗೆ ಹಾಕು ಎಂದು ಬದಲಿಸಿ. ಪದಗಳಲ್ಲಿ ಆಫರ್, ಅರ್ಜೆಂಟ್ ಎರಡನ್ನೂ ತೆಗೆಯಿರಿ. ನಿಮ್ಮ ಖಾಯಂ ಗಿರಾಕಿಗಳು, ಬ್ಯಾಂಕು, ಲಾರಿ ಟ್ರಾನ್ಸ್‌ಪೋರ್ಟಿನವರು ಸೇರಿ ಮೂವತ್ತು-ನಲವತ್ತು ವಿಳಾಸ ಇರಬಹುದು. ಅವರಿಗೆ ಇನ್ನೊಂದು ನಿಯಮ, 'ಸ್ಪ್ಯಾಮ್‌ಗೆ ಕಳಿಸಬೇಡ' ಎಂದು. ಆಮೇಲೆ ದಿನಕ್ಕೊಮ್ಮೆ, ಮಧ್ಯಾಹ್ನ ಊಟಕ್ಕೆ ಏಳುವ ಮುಂಚೆ, ಸ್ಪ್ಯಾಮ್ ಮತ್ತು ಅನುಮಾನ ಎರಡನ್ನೂ ಕಳಿಸಿದವರ ಹೆಸರು, ವಿಷಯದ ಸಾಲು ಇಷ್ಟೇ ನೋಡಿ ಹೋಗುವುದು. ಐದು ನಿಮಿಷ ಸಾಕು. ಒಳ್ಳೆಯದು ಕಂಡರೆ ನಾಟ್ ಸ್ಪ್ಯಾಮ್, ಇನ್‌ಬಾಕ್ಸ್‌ನಲ್ಲಿ ಕೆಟ್ಟದ್ದು ಕಂಡರೆ ಸುಮ್ಮನೆ ಅಳಿಸದೆ ರಿಪೋರ್ಟ್ ಸ್ಪ್ಯಾಮ್. ಫಿಲ್ಟರ್ ಕಲಿಯುವುದು ಈ ಎರಡು ಗುಂಡಿಯಿಂದಲೇ. ಸ್ಪ್ಯಾಮ್ ಡಬ್ಬಿ ತೆರೆದರೇ ವೈರಸ್ ಬರುತ್ತದೆ ಎಂದು ಹೆದರುವವರಿದ್ದಾರೆ. ಪಟ್ಟಿ ನೋಡಿದರೆ ಏನೂ ಆಗುವುದಿಲ್ಲ, ಒಳಗಿನ ಕೊಂಡಿ, ಲಗತ್ತು ಮುಟ್ಟದಿದ್ದರೆ ಆಯಿತು.

ಸ್ಪ್ಯಾಮ್‌ಗೆ ಕಳಿಸಬೇಡ ಎಂಬ ನಿಯಮದಲ್ಲೂ ಅಪಾಯವಿದೆ, ಇದನ್ನು ಯಜಮಾನರಿಗೂ ಓದಿ ಹೇಳಿ. ಒಬ್ಬರ ವಿಳಾಸವನ್ನು ಆ ಪಟ್ಟಿಗೆ ಸೇರಿಸಿದರೆ ಅವರ ಹೆಸರು ಹಾಕಿಕೊಂಡು ಬಂದ ಮೋಸದ ಮೇಲೂ ಒಳಗೆ ಬರುವ ಸಾಧ್ಯತೆ ಹೆಚ್ಚು. ಅವರ ಖಾತೆಗೇ ಕಳ್ಳ ನುಗ್ಗಿದ್ದರಂತೂ ಎಸ್‌ಪಿಎಫ್, ಡಿಕಿಮ್ ಎಲ್ಲ ಪಾಸ್ ಆಗಿಯೇ ಬರುತ್ತದೆ. ಇಂಥ ಕಳ್ಳರು ಲಾಟರಿ ಕಥೆ ಹೇಳುವುದಿಲ್ಲ. ನಿಮ್ಮ ಹಳೇ ಬಿಲ್ಲಿಗೆ ಜವಾಬಾಗಿ, 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಇದಕ್ಕೆ ಹಾಕಿ' ಎಂದು ಒಂದೇ ಸಾಲು ಬರೆಯುತ್ತಾರೆ. ಇದನ್ನು ಯಾವ ಫಿಲ್ಟರೂ ಭರವಸೆಯಿಂದ ಹಿಡಿಯದು. ಖಾತೆ ಬದಲಾಯಿತು ಎಂದು ಯಾರೇ ಬರೆಯಲಿ, ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ, ನಿಮ್ಮ ಹಳೇ ಡೈರಿಯ ನಂಬರಿಗೆ ಫೋನ್ ಮಾಡಿ ಧ್ವನಿ ಕೇಳಿದ ಮೇಲೆಯೇ ದುಡ್ಡು. ಹೋಗಿಬಿಟ್ಟರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ಮರುದಿನದ ತನಕ ಕಾದರೆ ಹಣ ನಾಲ್ಕು ಖಾತೆ ದಾಟಿರುತ್ತದೆ. ಹಾಗೆಯೇ ವಿಳಾಸದ ಬದಲು 'ಜಿಮೇಲ್ ಡಾಟ್ ಕಾಮ್' ಎಂದು ಇಡೀ ಡೊಮೈನನ್ನೇ ಆ ಪಟ್ಟಿಗೆ ಹಾಕಬೇಡಿ. ಒಬ್ಬರು ಹಾಕಿದ್ದನ್ನು ನೋಡಿದ್ದೇನೆ, ಊರಿನ ಬಾಗಿಲನ್ನೇ ಕಿತ್ತಿಟ್ಟ ಹಾಗೆ ಆಗಿತ್ತು.

ನಿಮ್ಮದೇ ವಿಳಾಸದಿಂದ ಬಂದ ಬೆದರಿಕೆಗೆ ಹೆದರಬೇಡಿ. ಲಕೋಟೆಯ ಹಿಂದೆ ಯಾರು ಯಾರ ಹೆಸರು ಬೇಕಾದರೂ ಬರೆಯಬಹುದು, ಮೇಲ್‌ನ 'ಫ್ರಮ್' ಕೂಡ ಅಷ್ಟೇ. ಹ್ಯಾಕ್ ಆಗಿದೆ ಎನ್ನುವುದಕ್ಕೆ ಅದೊಂದೇ ಸಾಕ್ಷಿಯಲ್ಲ. ಶೋ ಒರಿಜಿನಲ್‌ನಲ್ಲಿ ಎಸ್‌ಪಿಎಫ್, ಡಿಕಿಮ್ ಫೇಲ್ ಎಂದಿದ್ದರೆ ಬರೀ ಹೆಸರು ಕದ್ದದ್ದು. ಪಾಸ್ ಎಂದಿದ್ದರೆ ಮಾತು ಬೇರೆ, ತಕ್ಷಣ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿಸಿ. ನಿಮ್ಮ ಡೊಮೈನ್‌ಗೆ ಡಿಮಾರ್ಕ್ ಬರೆಸಿದರೆ ಈ ಹೆಸರುಗಳ್ಳತನ ಬಹಳ ಮಟ್ಟಿಗೆ ನಿಲ್ಲುತ್ತದೆ. ಅಲಿಯಾಸ್ ಕೆಲಸಕ್ಕೆ ಬರುವವರ ಕೈಯಲ್ಲೇ ಅದನ್ನೂ ಮಾಡಿಸಿ.

ಜನ ಕೇಳುವ ಇನ್ನೆರಡು ಮಾತು. ಅನ್‌ಸಬ್‌ಸ್ಕ್ರೈಬ್ ಒತ್ತಿದರೆ ಸ್ಪ್ಯಾಮ್ ಹೆಚ್ಚುತ್ತದೆ ಎನ್ನುವುದು ಅರ್ಧ ನಿಜ. ನೀವೇ ಎಂದೋ ಸಾಮಾನು ಕೊಂಡ ಕಂಪನಿಯದಾದರೆ ಧೈರ್ಯವಾಗಿ ಒತ್ತಿ, ಅದೂ ಜಿಮೇಲ್ ತಾನೇ ಕಳಿಸಿದವರ ಹೆಸರಿನ ಪಕ್ಕ ತೋರಿಸುವ ಗುಂಡಿಯನ್ನು. ಗುರುತು ಪರಿಚಯ ಇಲ್ಲದವರ ಮೇಲ್‌ನ ಅಡಿಯಲ್ಲಿರುವುದನ್ನು ಒತ್ತಿದರೆ, ಈ ವಿಳಾಸದಲ್ಲಿ ಓದುವ ಮನುಷ್ಯರಿದ್ದಾರೆ ಎಂದು ನೀವೇ ಹೇಳಿದಂತೆ. 1909ಕ್ಕೆ ಡಿಎನ್‌ಡಿ ಮಾಡಿಸಿದ್ದೇನೆ, ಆದರೂ ಮೇಲ್ ಬರುತ್ತವೆ ಎನ್ನುವವರೂ ಇದ್ದಾರೆ. ಅದು ಫೋನ್ ಕರೆ, ಎಸ್‌ಎಂಎಸ್‌ಗೆ ಮಾತ್ರ. ಕಿರಿಕಿರಿ ಮಾಡುವ ಇಮೇಲನ್ನು ಅಪರಾಧ ಎಂದಿದ್ದ ಮಾತು ಐಟಿ ಕಾಯ್ದೆಯ 66ಎ ಕಲಮಿನಲ್ಲಿತ್ತು. ಆ ಕಲಮನ್ನು ಬೇರೆ ಕಾರಣಕ್ಕೆ, ವಾಕ್‌ಸ್ವಾತಂತ್ರ್ಯದ ಪ್ರಶ್ನೆಯಲ್ಲಿ, ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ರದ್ದು ಮಾಡಿತು.

ಇಷ್ಟು ಸ್ಪ್ಯಾಮ್ ಬರುವುದಾದರೂ ಯಾಕೆ? ನಿಮ್ಮ ಒಂದು ಕಿಲೋ ಬೇಳೆಯ ಪೊಟ್ಟಣ ತಿರುಗಿಸಿ ನೋಡಿ. ಗ್ರಾಹಕರ ದೂರಿಗೆ ಎಂದು ಫೋನ್ ಜೊತೆ ಇಮೇಲ್ ಅಚ್ಚಾಗಿರುತ್ತದೆ, ಬಹುಶಃ ಆರ್ಡರ್ ಬರುವ ವಿಳಾಸವೇ. ಅದೇ ವ್ಯಾಪಾರ ಡೈರೆಕ್ಟರಿಗಳಲ್ಲಿ, ವೆಬ್‌ಸೈಟ್‌ನ ಅಡಿಯಲ್ಲಿ. ವಿಳಾಸ ಹೆಕ್ಕುವ ಯಂತ್ರಗಳಿಗೆ ಇಷ್ಟು ಸಾಕು. ಮುಂದಿನ ಸಲ ಪೊಟ್ಟಣ ಅಚ್ಚು ಹಾಕಿಸುವಾಗ ಗ್ರಾಹಕರಿಗೆ ಬೇರೆ ವಿಳಾಸ ಕೊಡಿ. ಆರ್ಡರ್‌ನ ವಿಳಾಸ ಖರೀದಿದಾರರ ಕೈಗಷ್ಟೇ ಹೋಗಲಿ. ಇದು ಯಾವ ಫಿಲ್ಟರ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ, ಆದರೆ ಫಲ ಕಾಣಲು ವರ್ಷ ಬೇಕು.

ನೀವು ಕೇಳದ್ದೊಂದು: ನೀವೂ ದಿನದ ರೇಟನ್ನು ಫೋಟೊ ಮಾಡಿ, ನೂರಾರು ಜನಕ್ಕೆ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ, ಬಿಸಿಸಿ ಹಾಕಿ, ಒಳಗೆ ಒಂದಕ್ಷರ ಬರೆಯದೆ ಕಳಿಸುತ್ತೀರಾ? ಗಂಜ್‌ನ ಬಹಳ ಜನ ಹಾಗೆಯೇ ಮಾಡುತ್ತಾರೆ. ಹಾಗಿದ್ದರೆ ಮುಂಬೈನವರ ಫಿಲ್ಟರ್‌ಗೆ ನೀವೇ ಸ್ಪ್ಯಾಮ್. ರೇಟನ್ನು ಅಕ್ಷರದಲ್ಲೇ ಬರೆಯಿರಿ, ಕೇಳಿದವರಿಗಷ್ಟೇ ಕಳಿಸಿ.

ಕೊನೆಗೆ ಆ ಹಳೇ ಗುಲ್ಬರ್ಗಾ ಡೊಮೈನ್. ಎಲ್ಲ ಸರಿಹೋದ ಮೇಲೆ ಯಾರೋ ಒಬ್ಬರು ಖಂಡಿತ ಹೇಳುತ್ತಾರೆ, 'ಇನ್ನ ಅದು ಯಾಕ ಬೇಕು, ರಿನ್ಯೂ ಮಾಡಬ್ಯಾಡ್ರಿ' ಎಂದು. ಕೇಳಬೇಡಿ. ಅವಧಿ ಮುಗಿದ ಡೊಮೈನನ್ನು ಯಾರು ಬೇಕಾದರೂ ಕೊಳ್ಳಬಹುದು. ಕೊಂಡವನಿಗೆ ನಿಮ್ಮ ಹಳೇ ವಿಳಾಸಕ್ಕೆ ಬರುವ ಆರ್ಡರು, ಬ್ಯಾಂಕಿನ ಪತ್ರ, ಪಾಸ್‌ವರ್ಡ್ ಬದಲಿಸುವ ಕೊಂಡಿ ಎಲ್ಲವೂ ಹೋಗುತ್ತದೆ. ನಿಮಗೆ ಯಾವ ಸ್ಪ್ಯಾಮ್ ಡಬ್ಬಿಯಲ್ಲೂ ಅದರ ಸುಳಿವು ಕಾಣುವುದಿಲ್ಲ. ರಿನ್ಯೂ ತಾರೀಖು 4 ತಿಂಗಳ ಆಚೆ ಇದೆಯೋ 4 ದಿನಕ್ಕೆ ಬಂದಿದೆಯೋ, ಮುನೀಮರಿಗೆ ಹೇಳಿ ಇವತ್ತೇ ನೋಡಿಸಿ. ಸೂಚನೆ ಮೇಲ್ ಬಂದಿರಲೂಬಹುದು, ಹುಡುಗನ ಪಟ್ಟಿಯಲ್ಲಿ ಅರ್ಜೆಂಟ್ ಪದ ಇತ್ತಲ್ಲ.